ಆರನೆಯ ನಾಲಿಗೆ

ಅಧ್ಯಾಯ ೯

"ಇದು ಆಡಿನ ನಾಲಿಗೆ ಅಲ್ಲ ಕಣೇ."

ಮೈಕ್ರೊಸ್ಕೋಪಿನಿಂದ ಕಣ್ಣು ತೆಗೆಯದೆಯೇ ಹೇಳಿದೆ. ಸ್ಪಂದನ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಬೆಳಗ್ಗೆ ಎಂಟಕ್ಕೇ ಬಂದವಳು ನಾನು ಕೊಟ್ಟ ಕಾಫಿಯನ್ನು ಇನ್ನೂ ಮುಟ್ಟಿರಲಿಲ್ಲ.

"ಲೇಬಲ್ ಮೇಲೆ ಆಡು ಅಂತಿದೆಯಲ್ಲ ಆಂಟಿ. ಕೆಳಗೆ ನನ್ನ ಹೆಸರೂ ಇದೆ."

"ಲೇಬಲ್ ಓದೋಕೆ ಯಾರಿಗಾದ್ರೂ ಬರುತ್ತೆ. ನಾಲಿಗೆ ಓದೋಕೆ ಬರ್ಬೇಕು."

ಹಾಗೆ ಹೇಳುವ ಹಕ್ಕು ನನಗಿದೆ. ನಾನು ಮುನಿತಾಯಮ್ಮ. ಕೆಂಗೇರಿಯ ಪ್ರಾಣಿ ಅಂಗರಚನಾ ಸಂಸ್ಥೆಗೆ ಕಸ ಗುಡಿಸುವ ಕೆಲಸಕ್ಕೆಂದು ಸೇರಿ, ಮೂವತ್ತನಾಲ್ಕು ವರ್ಷ ಸ್ಲೈಡ್ ಕತ್ತರಿಸಿ ನಿವೃತ್ತಳಾದವಳು. ಮೇಣದಲ್ಲಿ ಕೂರಿಸಿದ ಮಾಂಸದ ತುಂಡನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು, ಗಾಜಿಗೆ ಅಂಟಿಸಿ, ಬಣ್ಣ ಹಾಕಿ ಕೊಡುವುದು ನನ್ನ ಕಸುಬು. ನನ್ನ ಸ್ಲೈಡು ನೋಡಿ ಡಾಕ್ಟರಾದವರು ಈ ಊರಿನ ತುಂಬ ಇದ್ದಾರೆ. ಇದನ್ನು ಸಂಕೋಚಪಟ್ಟುಕೊಂಡು ಹೇಳುವ ಅಭ್ಯಾಸ ನನಗಿಲ್ಲ.

ಸ್ಪಂದನ ಮಾರೇನಹಳ್ಳಿಯ ಹುಡುಗಿ, ನನ್ನ ಶಿಷ್ಯೆ. ಬೇರೆ ಬೇರೆ ಪ್ರಾಣಿಗಳ ನಾಲಿಗೆಯೊಳಗೆ ಜೊಲ್ಲುರಸದ ಗ್ರಂಥಿಗಳು ಹೇಗೆ ಹೇಗಿರುತ್ತವೆ ಎಂದು ಅದೇ ಸಂಸ್ಥೆಯಲ್ಲಿ ಐದು ವರ್ಷ ಸಂಶೋಧನೆ ಮಾಡಿದ್ದಾಳೆ. ಕಳೆದ ವಾರ ಯಾರೋ ಕೊಟ್ಟ ದೂರಿನ ಮೇಲೆ ಅವಳ ಸ್ಲೈಡ್ ಪೆಟ್ಟಿಗೆ ತೆರೆದಾಗ ಆಡು, ಕುರಿ, ಹಸು ಎಂದು ಬರೆದಿದ್ದರೂ ಒಂದರಂತೆಯೇ ಒಂದು ಕಾಣುವ ಮೂರು ನಕಲಿ ಸ್ಲೈಡುಗಳು ಸಿಕ್ಕಿದ್ದವು.

ಇವತ್ತು ಮಧ್ಯಾಹ್ನ ಮೂರಕ್ಕೆ ವಿಚಾರಣಾ ಸಮಿತಿ ಸೇರುತ್ತದೆ. ಆ ಮೂರು ಸ್ಲೈಡು ತನ್ನದಲ್ಲವೆಂದು ಅವಳು ತೋರಿಸಬೇಕು. ಇಲ್ಲದಿದ್ದರೆ ಅವಳ ನೋಂದಣಿ ರದ್ದಾಗುತ್ತದೆ, ಪೆಟ್ಟಿಗೆಯಲ್ಲಿರುವ ಎಲ್ಲ ಸ್ಲೈಡುಗಳನ್ನೂ ನಾಶ ಮಾಡುತ್ತಾರೆ. ಮೋಸಗಾತಿ ಎಂಬ ಹೆಸರು ಹೊತ್ತವಳನ್ನು ಆಮೇಲೆ ಯಾವ ಸಂಸ್ಥೆಯೂ ಬಾಗಿಲೊಳಗೆ ಬಿಡುವುದಿಲ್ಲ.

ಉತ್ತರ ಬರೆದುಕೊಡಲೆಂದು ಆ ಮೂರನ್ನು ನಿನ್ನೆ ಒಂದು ದಿನದ ಮಟ್ಟಿಗೆ ಅವಳ ಕೈಗೆ ಕೊಟ್ಟಿದ್ದರು. ಬೆಳಗಾಗುತ್ತಲೇ ಅವಳು ಅವನ್ನು ಕುರುಬರಹಳ್ಳಿಗೆ, ನಮ್ಮ ಮನೆಗೆ ತಂದಿದ್ದಳು.

"ಬಾ, ನೀನೇ ನೋಡು. ನಾಲಿಗೆ ಪಕ್ಕದ ಅಂಚಲ್ಲಿ ಏನು ಕಾಣ್ಸುತ್ತೆ?"

ಅವಳು ಬಗ್ಗಿದಳು. "ಮಡಿಕೆ ಇದಾವೆ. ಸಾಲಾಗಿ. ಮಡಿಕೆ ಸಂದಿಗೆ ಬಾಯಿ ಬಿಟ್ಕೊಂಡು ಕೆಳಗಡೆ ಗ್ರಂಥಿಗಳು." ಫೋಕಸ್ ತಿರುಗಿಸಿದಳು. "ಆಂಟಿ, ಆಡಿಗೆ ಪಕ್ಕದಲ್ಲಿ ಮಡಿಕೆ ಇರಲ್ಲ. ಕುರಿಗೂ ಇರಲ್ಲ, ಹಸುಗೂ ಇರಲ್ಲ."

"ಮತ್ತೆ? ನಿನ್ನೆಯಿಂದ ಇದನ್ನ ನೋಡ್ದೆ ಏನ್ಮಾಡ್ತಿದ್ದೆ?"

"ಅಳ್ತಿದ್ದೆ."

ಬೈಯೋಣವೆನಿಸಿತು, ಬೈಯಲಿಲ್ಲ. ನಾಲಿಗೆಯೊಳಗೆ ಎರಡು ಬಗೆಯ ಗ್ರಂಥಿಗಳಿರುತ್ತವೆ. ಒಂದು ನೀರಿನಂಥ ರಸ ಬಿಟ್ಟು ರುಚಿಯ ಮೊಗ್ಗುಗಳನ್ನು ತೊಳೆಯುತ್ತದೆ, ಬಣ್ಣ ಹಾಕಿದರೆ ಗಾಢವಾಗಿ ಕಾಣುತ್ತದೆ. ಇನ್ನೊಂದು ಲೋಳೆ ಬಿಟ್ಟು ತುತ್ತು ಜಾರಿಸುತ್ತದೆ, ಅದು ನೊರೆಯ ಹಾಗೆ ಬೆಳ್ಳಗೆ ಕಾಣುತ್ತದೆ. ಎಲ್ಲಿ ಯಾವುದು, ಎಷ್ಟು, ಯಾವುದರ ಅಡಿಯಲ್ಲಿ ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಇದನ್ನು ಅವಳಿಗೆ ಪುಸ್ತಕ ಕಲಿಸಿದ್ದಕ್ಕಿಂತ ನಾನು ಕಲಿಸಿದ್ದೇ ಹೆಚ್ಚು. ಅಳುತ್ತಿದ್ದವಳು ಒಂದೇ ನೋಟಕ್ಕೆ ಹಿಡಿದಳಲ್ಲ, ನನಗೆ ಒಳಗೊಳಗೇ ಹೆಮ್ಮೆಯಾಯಿತು.

"ಹಂದಿ," ಎಂದೆ. "ಮೂರೂ ಹಂದಿ. ಅದೂ ಒಂದೇ ಹಂದಿ. ಮೂರರಲ್ಲೂ ಅದೇ ಜಾಗದಲ್ಲಿ ಒಂದು ಸೀಳುಗೆರೆ ಇದೆ. ಬ್ಲೇಡಲ್ಲಿ ಒಂದ್ಕಡೆ ಮುಕ್ಕಿತ್ತು. ಒಂದೇ ಮೇಣದ ಬ್ಲಾಕಿಂದ ಒಂದರ ಹಿಂದೆ ಒಂದು ಹೆರೆದವ್ರೆ."

"ಅದು ಹಂದಿ ಅಂತ ಹೇಳಿದ್ರೆ ನಾನು ಬಚಾವಾಗಲ್ಲ ಆಂಟಿ. ನಾನೇ ಹಂದಿ ತಂದು ಕತ್ತರಿಸ್ದೆ ಅಂತಾರೆ."

ಮಾತು ಸರಿಯಾಗಿತ್ತು. ಮತ್ತೆ ಬಗ್ಗಿದೆ. ಈ ಸಲ ಮಾಂಸ ಬಿಟ್ಟು ಗಾಜು ನೋಡಿದೆ. ಸ್ಲೈಡಿನ ಅಂಚಿನಲ್ಲಿ, ಏನೂ ಇರಬಾರದ ಕಡೆ, ತಿಳಿ ಗುಲಾಬಿ ಬಣ್ಣದ ಸಣ್ಣ ಸಣ್ಣ ಗೆರೆಗಳು. ಬಳಸಿ ಬಳಸಿ ಸುತ್ತಿಕೊಂಡಿದ್ದವು. ಬೆರಳಿನ ಗುರುತು.

ಲೆನ್ಸಿನಿಂದ ಕಣ್ಣು ತೆಗೆದೆ.

"ಸ್ಪಂದನಾ, ನೀನು ಸ್ಲೈಡಿಗೆ ಅಂಟು ಏನು ಸವರ್ತೀಯ?"

"ಏನೂ ಇಲ್ವಲ್ಲ. ಲೇಪ ಹಾಕಿರೋ ರೆಡಿ ಸ್ಲೈಡೇ ತರೋದು. ಮೊಟ್ಟೆ ವಾಸನೆ ನನಗಾಗಲ್ಲ ಅಂತ ನಿಮ್ಮ ಹತ್ರ ಬೈಸ್ಕೊಂಡಿಲ್ವಾ?"

ಬೈದಿದ್ದು ನಿಜ. ಹಳೆಯ ಪದ್ಧತಿಯಲ್ಲಿ ಮೊಟ್ಟೆಯ ಬಿಳಿಗೆ ಗ್ಲಿಸರಿನ್ ಬೆರೆಸಿ ಗಾಜಿಗೆ ಒಂದು ತೊಟ್ಟು ಸವರುತ್ತಿದ್ದೆವು. ಮಾಂಸದ ಪೊರೆ ಜಾರದಂತೆ ಅದು ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಅದಕ್ಕೂ ಗುಲಾಬಿ ಬಣ್ಣ ಹತ್ತಿ, ಸವರಿದವರ ಬೆರಳು ಗಾಜಿನಡಿ ಉಳಿದುಬಿಡುತ್ತದೆ. ಬೇರೆಯವರು ಹೆಬ್ಬೆರಳಿನಿಂದಲೋ ತೋರುಬೆರಳಿನಿಂದಲೋ ಸವರುತ್ತಾರೆ. ಇಲ್ಲಿದ್ದದ್ದು ಕಿರುಬೆರಳು, ಎಡದಿಂದ ಬಲಕ್ಕೆ, ಒಂದೇ ಎಳೆತ. ಕಿರುಬೆರಳಿಗೆ ಕೆಲಸ ಕಡಿಮೆ, ಜಿಡ್ಡು ಕಡಿಮೆ ಎಂದು ಆ ರೂಢಿ ಮಾಡಿದವಳು ನಾನು.

ಅದನ್ನು ನಾನು ಕಲಿಸಿದ್ದು ಇಬ್ಬರಿಗೆ. ಒಬ್ಬಳು ಮೊಟ್ಟೆ ಮುಟ್ಟುವುದಿಲ್ಲ. ಇನ್ನೊಬ್ಬ ಲಗ್ಗೆರೆಯಲ್ಲಿದ್ದಾನೆ.

"ಬ್ಯಾಗ್ ತಗೋ," ಎಂದೆ.

*

ನನ್ನ ಶಿಷ್ಯ ಸಂಪತ್ತಿನ ಲ್ಯಾಬು ಲಗ್ಗೆರೆಯಲ್ಲಿ ಒಂದು ಲೇತ್ ಅಂಗಡಿಯ ಮೇಲಿದೆ. ಕೆಳಗೆ ದಿನವೆಲ್ಲ ಕಬ್ಬಿಣ ಕಡೆಯುತ್ತಿರುತ್ತಾರೆ, ಮೇಲೆ ಇವನು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಮಾಂಸ ಹೆರೆಯುತ್ತಾನೆ. ಮೇಜಿನ ಕಾಲುಗಳನ್ನು ಮರಳು ತುಂಬಿದ ಡಬ್ಬಗಳಲ್ಲಿ ಇಳಿಸಿ, ಅದರಡಿ ರಬ್ಬರ್ ಹಾಸಿದ್ದಾನೆ. ಕೆಳಗಿನ ಅದುರಾಟ ಮೇಲೆ ಹತ್ತುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಅವನದೇ ತಲೆ. ಮೂರು ಆಸ್ಪತ್ರೆಗಳ ಜೊತೆ ನಮ್ಮ ಸಂಸ್ಥೆಯ ಕೆಲಸವೂ ಅವನಿಗೆ ಬರುತ್ತದೆ.

ನನ್ನನ್ನು ನೋಡಿ ಗ್ಲೋವ್ಸ್ ಕಿತ್ತು ಎದ್ದು ಬಂದ. ಮೂವತ್ತೆಂಟು ವರ್ಷದ ಗಂಡಸು, ನನ್ನೆದುರು ಇವತ್ತಿಗೂ ಕುರ್ಚಿಯಲ್ಲಿ ಕೂರುವುದಿಲ್ಲ.

"ಅಮ್ಮ, ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ?"

"ಇದನ್ನ ನೋಡೋ."

ಸ್ಲೈಡು ಕೊಟ್ಟೆ. ಅವನು ಮೈಕ್ರೊಸ್ಕೋಪಿಗೂ ಹೋಗಲಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ, ನಕ್ಕ.

"ನಂದೇ ಅಮ್ಮ. ಎರಡು ತಿಂಗಳಾಯ್ತು. ಅಂಟು ಜಾಸ್ತಿ ಆಗಿದೆ, ಗೊತ್ತು. ಹಳೇ ಪದ್ಧತಿ ಬಿಟ್ಟು ಎಷ್ಟು ವರ್ಷ ಆಯ್ತು, ಕೈ ತಪ್ಪಿತು. ಬೈಬೇಡಿ."

ಆಮೇಲೆ ಲೇಬಲ್ ನೋಡಿದ. ನಗು ಹೋಯಿತು.

"ಆಡು ಅಂತ ಯಾರು ಬರೆದ್ರು? ಇದು ಹಂದಿ."

"ಅದನ್ನೇ ಕೇಳೋಕೆ ಬಂದಿದೀನಿ."

"ನಾನು ಏನೂ ಬರೀಲಿಲ್ಲ. ಬರೀಬಾರ್ದಲ್ವಾ?"

ಅವನು ಹೇಳಿದ್ದು ನನ್ನದೇ ಕಟ್ಟಳೆ. ಕತ್ತರಿಸಿದವರು ಸ್ಲೈಡಿನ ಮೇಲೆ ಪ್ರಾಣಿಯ ಹೆಸರು ಬರೆಯಕೂಡದು. ಲೆನ್ಸಿನಡಿ ನೋಡಿ ಗುರುತು ಹಿಡಿದವರೇ ಬರೆಯಬೇಕು. ಹೆಸರು ಮೊದಲೇ ಇದ್ದರೆ ಕಣ್ಣು ಸೋಮಾರಿಯಾಗುತ್ತದೆ, ಇದ್ದದ್ದನ್ನು ನೋಡದೆ ಬರೆದದ್ದನ್ನು ನೋಡುತ್ತದೆ. ಸಂಸ್ಥೆಯ ಲ್ಯಾಬಿನಲ್ಲಿ ಇದನ್ನು ನಾನು ಹಟ ಹಿಡಿದು ಜಾರಿಗೆ ತಂದಿದ್ದೆ. ಎಲ್ಲರೂ ಮೆಚ್ಚಿದ್ದರು. ಈಗ ಅದೇ ಕಟ್ಟಳೆಯ ಪ್ರಕಾರ ನನ್ನ ಶಿಷ್ಯ ಮೂರು ಖಾಲಿ ಲೇಬಲಿನ ಸ್ಲೈಡುಗಳನ್ನು ಯಾರದೋ ಕೈಗೆ ಕೊಟ್ಟಿದ್ದ.

"ಯಾರು ಮಾಡಿಸ್ಕೊಂಡಿದ್ದು?"

"ಅರುಣ್ ಕುಮಾರ್ ಸಾರ್. ಅವ್ರೇ ಕಾರಲ್ಲಿ ಬಂದಿದ್ರು, ಹಂದಿ ನಾಲಿಗೆ ಡಬ್ಬಿಲಿ ಹಾಕ್ಕೊಂಡು. ಸ್ಟೂಡೆಂಟ್ಸ್ ಪರೀಕ್ಷೆಗೆ ಬೇಕು, ಹೆಸರಿಲ್ದೆ ಕೊಡು ಅಂದ್ರು. ಮುನಿತಾಯಮ್ಮ ಮಾಡೋ ಹಂಗೇ ಮೊಟ್ಟೆ ಅಂಟು ಹಾಕಿ ಮಾಡು ಅಂತ ಬೇರೆ ಹೇಳಿದ್ರು. ನನಗೆ ಖುಷಿ ಆಯ್ತು ಅಮ್ಮ. ನಿಮ್ಮ ಕೈಕೆಲಸ ಇನ್ನೂ ನೆನಪಿಟ್ಕೊಂಡವ್ರಲ್ಲ ಅಂತ."

ಸ್ಪಂದನ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಡಾಕ್ಟರ್ ಅರುಣ್ ಕುಮಾರ್ ಅವಳ ವಿಭಾಗದ ಮುಖ್ಯಸ್ಥರು. ಇವತ್ತಿನ ವಿಚಾರಣಾ ಸಮಿತಿಗೂ ಅವರೇ ಅಧ್ಯಕ್ಷರು.

ನನಗೆ ಎಲ್ಲ ಬಿಡಿಸಿದ ಹಾಗಾಯಿತು. ಸ್ಪಂದನ ನನ್ನ ಮನೆಗೆ ಬಂದು ಕಲಿಯುವುದು ಅವರಿಗೆ ಗೊತ್ತು. ನಕಲಿ ಸ್ಲೈಡು ನನ್ನ ಮನೆಯಲ್ಲಿ ತಯಾರಾದ ಹಾಗೆ ಕಾಣಬೇಕಿತ್ತು. ಹುಡುಗಿಗೆ ಮೊಟ್ಟೆ ಆಗುವುದಿಲ್ಲ ಎನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಆದರೆ ಐದು ವರ್ಷ ಮೆಚ್ಚಿಕೊಂಡು ಬಂದ ವಿದ್ಯಾರ್ಥಿನಿಯನ್ನು ಹೀಗೆ ಯಾಕೆ ಮುಗಿಸಬೇಕು? ಅದು ನನಗೆ ಹೊಳೆಯಲಿಲ್ಲ.

"ಸಂಪತ್ತು, ಈ ಮಾತು ಸಮಿತಿ ಮುಂದೆ ಹೇಳ್ತೀಯ?"

ಅವನು ಸ್ಲೈಡನ್ನು ಮೇಜಿನ ಮೇಲಿಟ್ಟ. ಸಂಸ್ಥೆಯವರನ್ನು ಎದುರು ಹಾಕಿಕೊಂಡರೆ ಅವನಿಗೆ ಬರುವ ಕೆಲಸ ಅರ್ಧ ನಿಂತುಹೋಗುತ್ತದೆ. ನನಗೂ ಗೊತ್ತು, ಅವನಿಗೂ ಗೊತ್ತು.

"ನನ್ನ ಕೈಯಲ್ಲಿ ಆಗಿರೋ ಕೆಲಸ ನಂದು ಅಂತ ಹೇಳೋಕೆ ಏನಮ್ಮ? ನಡೀರಿ," ಎಂದ.

ಎಂಥ ಹುಡುಗನನ್ನು ತಯಾರು ಮಾಡಿದ್ದೇನೆ ನಾನು. ಆ ಹೊತ್ತಿನಲ್ಲೂ ಹಾಗೇ ಅನ್ನಿಸಿತು.

*

ಆಟೋದಲ್ಲಿ ವಿಜಯನಗರ, ಅಲ್ಲಿಂದ ಮೆಟ್ರೋ. ಕೆಂಗೇರಿ ಮುಟ್ಟಿದಾಗ ಎರಡೂಕಾಲು. ಸಂಪತ್ತನ್ನೂ ಸ್ಪಂದನಳನ್ನೂ ಹೊರಗಿನ ಬೆಂಚಿನಲ್ಲಿ ಕೂರಿಸಿ ನಾನೊಬ್ಬಳೇ ಅರುಣ್ ಕುಮಾರರ ಕೋಣೆಯೊಳಗೆ ಹೋದೆ. ಸಮಿತಿ ಸೇರುವ ಮೊದಲು ಆ ಮನುಷ್ಯನ ಮುಖಕ್ಕೇ ಹೇಳಬೇಕಿತ್ತು. ಹಿಂದಿನಿಂದ ಮಾತಾಡುವುದು ನನಗಾಗದು.

"ಬನ್ನಿ ಮುನಿತಾಯಮ್ಮನವರೇ. ಕಾಫಿ ಹೇಳ್ಲಾ?"

"ಬೇಡ ಸಾರ್."

ಅವರ ಮೇಜಿನ ಮೇಲೆ ಸ್ಪಂದನಳ ಸ್ಲೈಡ್ ಪೆಟ್ಟಿಗೆ ಇತ್ತು. ಸುತ್ತ ಟೇಪು, ಮೇಲೆ ಅವರ ಸಹಿ. ಅದರ ಪಕ್ಕದಲ್ಲಿ ನಾನು ಮೂರು ಸ್ಲೈಡುಗಳನ್ನೂ ಸಾಲಾಗಿ ಇಟ್ಟೆ.

"ಮೂರೂ ಒಂದೇ ಹಂದಿ. ಕತ್ತರಿಸಿದ್ದು ಸಂಪತ್ತು, ಹೊರಗೆ ಕೂತವ್ನೆ. ಹಂದಿ ನಾಲಿಗೆ ತಂದುಕೊಟ್ಟಿದ್ದು ನೀವು. ಹೆಸರು ಬರೆದು ಈ ಪೆಟ್ಟಿಗೆಗೆ ಸೇರಿಸಿದ್ದೂ ನೀವೇ ಇರ್ಬೇಕು."

ಅವರು ಕೋಪ ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಸಂಪತ್ ನಿಮ್ಮ ಶಿಷ್ಯ. ಆ ಹುಡುಗಿ ನಿಮ್ಮ ಶಿಷ್ಯೆ. ಮೂರು ಜನ ಸೇರಿ ಒಂದು ಕತೆ ಕಟ್ಟಿದ್ದೀರಿ ಅಂತಾರೆ ಅಷ್ಟೆ. ಹೋಗ್ಲಿ, ಅದು ಹಂದಿ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ? ನೀವು ಓದಿರೋದು ಎಲ್ಲೀವರೆಗೆ?"

"ಏಳನೇ ಕ್ಲಾಸು. ಪಾಸಾಗಿಲ್ಲ."

"ಅದೇ ನಾನು ಹೇಳ್ತಿರೋದು. ಆಡು, ಹಂದಿ ಅಂತ ಹೇಳೋಕೆ ಈ ಯಮ್ಮ ಯಾರು ಅಂತ ಕೇಳ್ತಾರೆ."

ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯ ಇಲ್ಲಿಗೆ ಎಳೆಯ ಮೇಷ್ಟ್ರಾಗಿ ಬಂದಾಗ ಲೋಳೆಗ್ರಂಥಿಗೂ ಕೊಬ್ಬಿಗೂ ವ್ಯತ್ಯಾಸ ತಿಳಿಯದೆ, ಪಾಠಕ್ಕೆ ಮೊದಲು ನನ್ನ ಹತ್ತಿರ ಬಂದು ಕೇಳಿಕೊಂಡು ಹೋಗುತ್ತಿದ್ದವರು.

"ಸಾರ್, ಆ ಪೆಟ್ಟಿಗೆ ತೆಗೀರಿ."

"ಸೀಲ್ ಆಗಿದೆ."

ನಾನೇ ಟೇಪು ಕಿತ್ತೆ. ತಪ್ಪೋ ಸರಿಯೋ ಯೋಚಿಸಲಿಲ್ಲ. ಲೇಬಲ್ ಕಾಣದಂತೆ ಹೆಬ್ಬೆರಳು ಒತ್ತಿ ಒಂದು ಸ್ಲೈಡು ಎತ್ತಿಕೊಂಡು, ಕಿಟಕಿ ಪಕ್ಕದ ಮೈಕ್ರೊಸ್ಕೋಪಿನ ಮುಂದೆ ಕೂತೆ.

"ನೋಡ್ತೀನಿ, ಹೇಳ್ತೀನಿ. ಆಮೇಲೆ ನೀವು ಲೇಬಲ್ ಓದ್ಕೊಳ್ಳಿ. ಒಂದು ತಪ್ಪಿದ್ರೂ ಎದ್ದು ಹೋಗ್ತೀನಿ."

ಮೊದಲನೆಯದು ಸುಲಭವಿತ್ತು. ಇಡೀ ನಾಲಿಗೆಯ ಅಡ್ಡಕೊಯ್ತ ಒಂದೇ ಗಾಜಿನಲ್ಲಿ ಹಿಡಿದಿತ್ತು. ನಟ್ಟನಡುವೆ ಒಂದೇ ಒಂದು ದೊಡ್ಡ ರುಚಿಯ ಉಬ್ಬು, ಸುತ್ತ ಕಂದಕ, ಕಂದಕದ ಬುಡದಲ್ಲಿ ನೀರುಗ್ರಂಥಿ. "ಇಲಿ."

ಎರಡನೆಯದರಲ್ಲಿ ಪಕ್ಕದ ಮಡಿಕೆಗಳು ಪುಸ್ತಕದ ಹಾಳೆಗಳ ಹಾಗೆ ಒತ್ತಾಗಿದ್ದವು. "ಮೊಲ."

ಮೂರನೆಯದರಲ್ಲಿ ನಾಲಿಗೆಯಡಿ ಕೊಬ್ಬು ತುಂಬಿದ ಹುರಿಯೊಂದು ಇತ್ತು. "ನಾಯಿ."

ನಾಲ್ಕನೆಯದು, ಮೇಲ್ಭಾಗದಲ್ಲಿ ಮೃದ್ವಸ್ಥಿಯ ಗಟ್ಟಿ ಸರಳು. "ಕುದುರೆ. ಇದನ್ನ ಕತ್ತರಿಸೋಕೆ ಹೋಗಿ ಹುಡುಗಿ ಎರಡು ಬ್ಲೇಡ್ ಹಾಳು ಮಾಡಿದ್ಲು."

ಐದನೆಯದನ್ನು ನೋಡಿ ನನಗೇ ಸಂತೋಷವಾಯಿತು. ಹಸುವಿನ ನಾಲಿಗೆಯ ಹಿಂಬದಿ, ದಪ್ಪ ತೊಗಲು, ಅದರಡಿ ನೀರುಗ್ರಂಥಿಯೂ ಲೋಳೆಗ್ರಂಥಿಯೂ ಸೇರುವ ಗಡಿ. ಎಲ್ಲೂ ಒಂದು ಸುಕ್ಕಿಲ್ಲ, ಒಂದು ಹರಿದ ತಾವಿಲ್ಲ. ನನ್ನ ಕೈಯಲ್ಲೂ ಹೀಗೆ ಬಂದದ್ದು ಕಡಿಮೆ. "ಇದು ಅಸಲಿ ಹಸು. ಇಷ್ಟು ಚೆನ್ನಾಗಿ ಕತ್ತರಿಸೋಳಿಗೆ ಹಂದಿ ತಂದು ಹಸು ಅನ್ನೋ ಗತಿ ಬಂದಿಲ್ಲ ಸಾರ್."

ಐದೂ ಲೇಬಲುಗಳನ್ನು ಅವರು ಓದಿಕೊಂಡರು. ಐದೂ ಸರಿಯಾಗಿದ್ದವು.

"ಸಾಕು," ಎಂದರು. "ಒಪ್ಕೊಂಡೆ. ಪೆಟ್ಟಿಗೆ ಮುಚ್ಚಿ."

ಅಷ್ಟು ಬೇಗ ಒಪ್ಪುವ ಮನುಷ್ಯನಲ್ಲ ಅವರು. ಗೆದ್ದ ಮೇಲೆ ಎದ್ದು ಬರಬೇಕಿತ್ತು ನಾನು. ಆದರೆ ನನಗೆ ಹುರುಪು ಹತ್ತಿಬಿಟ್ಟಿತ್ತು. ಕೊನೆಯ ಸಾಲಿನಿಂದ ಇನ್ನೊಂದು ಎಳೆದುಕೊಂಡೆ.

"ಮುನಿತಾಯಮ್ಮ, ಸಾಕು ಅಂದ್ನಲ್ಲ."

ಅಷ್ಟು ಹೊತ್ತಿಗೆ ಲೆನ್ಸಿಗೆ ಕಣ್ಣಿಟ್ಟಿದ್ದೆ.

ನಾಲಿಗೆಯ ತುದಿಯ ಭಾಗ. ಮೇಲ್ಗಡೆ ಸಣ್ಣ ಮೆತ್ತನೆಯ ಎಳೆಗಳು. ಕೆಳಗಡೆ ತೆಳ್ಳನೆಯ ನುಣುಪು ಚರ್ಮ. ಆ ಚರ್ಮಕ್ಕೆ ಹತ್ತಿರ, ಸ್ನಾಯುಗಳ ನಡುವೆ, ಒಂದು ಗೊಂಚಲು ಗ್ರಂಥಿ. ಬೆಳ್ಳಗಿನದೂ ಗಾಢವಾದದ್ದೂ ಬೆರೆತಿದ್ದವು.

ತುದಿಯಲ್ಲಿ ಗ್ರಂಥಿ. ಇಲಿ, ಮೊಲ, ನಾಯಿ, ಕುದುರೆ, ಹಸು, ಆಡು, ಹಂದಿ, ಈ ಸಂಸ್ಥೆಗೆ ಬಂದ ಯಾವ ಪ್ರಾಣಿಯಲ್ಲೂ ತುದಿಯಲ್ಲಿ ನಾನು ಇಂಥದ್ದು ಕಂಡಿರಲಿಲ್ಲ. ಕಂಡದ್ದು ಒಂದೇ ಕಡೆ. ಬಹಳ ಹಿಂದೆ ಒಂದು ಮೆಡಿಕಲ್ ಕಾಲೇಜಿಗೆ ಎರವಲು ಹೋಗಿ ಆರು ತಿಂಗಳು ಸ್ಲೈಡ್ ಮಾಡಿಕೊಟ್ಟಿದ್ದೆ. ಅಲ್ಲಿ ನೋಡಿದ್ದೆ.

ಹೆಬ್ಬೆರಳು ತೆಗೆದು ಲೇಬಲ್ ಓದಿದೆ. ಸ್ಪಂದನಳ ದುಂಡು ಅಕ್ಷರ. 'ಗುರುತು ಸಿಕ್ಕಿಲ್ಲ. ಸ್ಟೋರಿನಲ್ಲಿದ್ದ ಹಳೆಯ ಬ್ಲಾಕ್.' ತಿಳಿಯದ್ದನ್ನು ತಿಳಿಯದು ಎಂದೇ ಬರೆದಿದ್ದಳು ನನ್ನ ಹುಡುಗಿ.

"ಸಾರ್," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ಇದು ಮನುಷ್ಯರದು. ನಮ್ಮ ಸಂಸ್ಥೆಗೆ ಮನುಷ್ಯರ ದೇಹ ಬರಲ್ಲ. ತರೋಕೆ ಪರ್ಮಿಷನ್ನೇ ಇಲ್ಲ."

ಖಂಡಿತವಾ ಎಂದು ಅವರು ಕೇಳಲಿಲ್ಲ. ಎದ್ದು ಹೋಗಿ ಬಾಗಿಲ ಚಿಲಕ ಹಾಕಿದರು.

ವಾಪಸು ಬಂದು ಕೂತು, ಸಂಸ್ಥೆಯ ಕಾಗದವೊಂದನ್ನು ತೆಗೆದು ನಾಲ್ಕು ಸಾಲು ಬರೆದು, ಸಹಿ ಹಾಕಿ, ಸೀಲು ಒತ್ತಿ, ನನ್ನ ಕಡೆ ತಿರುಗಿಸಿದರು. ಮೂರು ಸ್ಲೈಡುಗಳೂ ಸ್ಪಂದನ ಅವರವಲ್ಲ. ದೂರನ್ನು ವಜಾ ಮಾಡಲಾಗಿದೆ. ಪ್ರಬಂಧವನ್ನು ಕೂಡಲೇ ಪರೀಕ್ಷಕರಿಗೆ ಕಳಿಸಬೇಕು.

ನಾನು ಬೆಳಗ್ಗಿನಿಂದ ಯಾವುದಕ್ಕೆ ಓಡಾಡಿದ್ದೆನೋ ಅದು ಅಲ್ಲಿತ್ತು.

"ಮೂರು ಗಂಟೆಗೆ ಇದನ್ನ ನಾನೇ ಓದ್ತೀನಿ," ಎಂದರು. "ಹುಡುಗಿ ಡಾಕ್ಟರೇಟ್ ತಗೊಂಡು ಚೆನ್ನಾಗಿರ್ಲಿ. ಆ ಸ್ಲೈಡ್ ಇಲ್ಲಿ ಕೊಡಿ. ಅದನ್ನ ನೀವು ನೋಡಿಲ್ಲ."

ಅಂಗೈ ಚಾಚಿದರು. ಆಗ ಅರ್ಥವಾಯಿತು ನನಗೆ. ಹುಡುಗಿಯ ಮೇಲೆ ಅವರಿಗೆ ಹಗೆಯಿರಲಿಲ್ಲ. ಒಂದೇ ಸ್ಲೈಡು ಕಾಣೆಯಾದರೆ ಅವಳು ಹುಡುಕುತ್ತಿದ್ದಳು, ಅವಳೇ ಮೋಸಗಾತಿಯಾದರೆ ಪೆಟ್ಟಿಗೆಯ ಸ್ಲೈಡುಗಳೆಲ್ಲ ಯಾರೂ ಕೇಳದಂತೆ ನಾಶವಾಗುತ್ತಿದ್ದವು. ಈ ಒಂದಕ್ಕಾಗಿ ಅವಳ ಐದು ವರ್ಷವನ್ನು ಸುಡಲು ಹೊರಟಿದ್ದರು.

ಬಾಗಿಲು ತಟ್ಟಿದ ಸದ್ದು.

"ಆಂಟಿ," ಸ್ಪಂದನಳ ದನಿ. "ಸಮಿತಿಯವ್ರೆಲ್ಲ ಬಂದ್ರು. ನನ್ನ ಕರೀತಿದಾರೆ. ಏನು ಹೇಳ್ಲಿ?"

ಕಾಗದ ಎತ್ತಿಕೊಂಡೆ. ಇನ್ನೊಂದು ಸಲ ಓದಿದೆ. ಆಮೇಲೆ ಅದನ್ನು ಅವರ ಮುಂದೆಯೇ ಇಟ್ಟೆ. ಸ್ಲೈಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ನೋಡಿದ್ದನ್ನ ನೋಡಿಲ್ಲ ಅಂತ ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲಾನೂ ಹೇಳಿಲ್ಲ ಸಾರ್. ಇದು ಯಾರ್ದು?"

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಆ ನೋಟದಲ್ಲಿ ಭಯವಿರಲಿಲ್ಲ. ಮರುಕವಿತ್ತು.

"ಬೇಡ ಮುನಿತಾಯಮ್ಮ," ಎಂದರು. "ಯಾರ್ದು ಅಂತ ಹೇಳಿದ್ರೆ, ಆ ಗಾಜನ್ನ ನೀವೇ ಒಡೆದು ಹಾಕ್ತೀರಿ."